ಹಳೆಯ ಎಂಜಿನ್ನಿನ ಕವಾಟ ಮತ್ತು ಪೀಠ

ಹಿರೇಹಡಗಲಿ ಎಂದೊಡನೆ ಇತಿಹಾಸ ಬಲ್ಲವರಿಗೆ ಎರಡು ಸಂಗತಿಗಳು ನೆನಪಾಗುತ್ತವೆ: ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟಗಳು ಮತ್ತು 11ನೆಯ ಶತಮಾನದ ಕಲ್ಲೇಶ್ವರ ದೇವಾಲಯ. ನಾನಿಂದು ಮಾತನಾಡಹೊರಟಿರುವುದು ಇವೆರಡನ್ನೂ ಕುರಿತಲ್ಲ. ಆ ಊರಿನ ಸುತ್ತಮುತ್ತ, ಹಡಗಲಿ, ಹರಪನಹಳ್ಳಿ, ಕೊಟ್ಟೂರುಗಳ ಷೆಡ್ಡುಗಳಲ್ಲಿ ಮೂಲೆ ಸೇರಿರುವ ಹಳೆಯ ಎಂಜಿನ್ನುಗಳನ್ನು ಕುರಿತು. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಇದರ ಗೊಡವೆ ಏಕೆಂದು ಕೇಳುಗರು ಹುಬ್ಬೇರಿಸಬಹುದು. ಇಂಥ ಎಂಜಿನ್ನುಗಳಿಗೆ ಮತ್ತೆ ಜೀವ ಕೊಡಬೇಕೆಂಬ ತರುಣರು ಈಚೆಗೆ ಅಲ್ಲಲ್ಲಿ ಕಾಣಸಿಗುತ್ತಾರೆ. ಹೆಡ್ ಬಿಚ್ಚಿದ ಮೇಲೆ ಅವರು ಕೇಳುವ ಪ್ರಶ್ನೆ ಒಂದೇ: ಯಾವ ವಾಲ್ವು ಹಾಕಬೇಕು, ಯಾವ ಸೀಟು? ಅಂಗಡಿಯವನು ‘ಗಟ್ಟಿಯದನ್ನೇ ಹಾಕಿ’ ಎನ್ನುತ್ತಾನೆ. ನನಗನ್ನಿಸುವಂತೆ, ಆ ಎಂಜಿನ್ ಯಾವ ಕಾಲದಲ್ಲಿ ಯಾವ ಎಣ್ಣೆ ಕುಡಿದು ಬೆಳೆದದ್ದೆಂದು ತಿಳಿಯದೆ ಇದಕ್ಕೆ ಉತ್ತರವಿಲ್ಲ.

ವಾಲ್ವನ್ನು ನಮ್ಮ ಶಾಸ್ತ್ರಗ್ರಂಥಗಳು ಕವಾಟವೆಂದು ಕರೆದವು. ಸಂಸ್ಕೃತದಲ್ಲಿ ಕವಾಟವೆಂದರೆ ಬಾಗಿಲ ಕದ. ಲ್ಯಾಟಿನ್ನಿನ ‘ವಾಲ್ವ’ ಎಂಬುದೂ ಬಾಗಿಲ ಕದವೇ. ಅನುವಾದಕರಿಗೆ ಇಷ್ಟು ಸರಿಯಾಗಿ ಒದಗಿಬರುವ ಶಬ್ದಗಳು ಅಪರೂಪ. ಆದರೆ ಎಂಜಿನ್ನಿನ ಕದ ನೋಡಲು ಅಣಬೆಯಂತಿರುತ್ತದೆ. ಅದರ ಅಂಚನ್ನು ಸಾಮಾನ್ಯವಾಗಿ 45 ಡಿಗ್ರಿ ಓರೆಯಾಗಿ ಕಡೆದಿರುತ್ತಾರೆ. ಅದೇ ಓರೆಯ ಸೀಟಿನ ಮೇಲೆ ಅದು ಕೂರುತ್ತದೆ. ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುವಾಗ ಒಂದೊಂದು ಕದವೂ 2000 ಬಾರಿ ತೆರೆದು ಮುಚ್ಚಬೇಕು. ಹೊಗೆ ಹೊರಹೋಗುವ ಎಕ್ಸಾಸ್ಟ್ ವಾಲ್ವಿನ ತಲೆ 700 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುತ್ತದೆ. ಆ ಕಾವಿನ ಬಹುಭಾಗ ಹೆಡ್ಡಿಗೆ ಇಳಿದುಹೋಗುವುದು, ಮುಚ್ಚಿದ ಕ್ಷಣಮಾತ್ರದಲ್ಲಿ, ಎರಡು ಮಿಲಿಮೀಟರಿನಷ್ಟು ಅಗಲದ ಆ ಪೀಠದ ಮೂಲಕವೇ. ಪೀಠ ಕೆಟ್ಟರೆ ಕದ ಸುಡುತ್ತದೆ.

ಹಿಂದಿನ ಅನೇಕ ಎಂಜಿನ್ನುಗಳಲ್ಲಿ ಸೀಟು ಬೇರೆ ಬಿಡಿಭಾಗವಾಗಿರಲಿಲ್ಲ. ಬೀಡಿನ ಹೆಡ್ಡಿನಲ್ಲಿಯೇ ಅದನ್ನು ಕೊರೆದಿರುತ್ತಿದ್ದರು. 1959ರಿಂದ ಅಂಬಾಸಿಡರಿಗೆ ಬಂದ 1489 ಸಿ.ಸಿ. ಎಂಜಿನ್ನಿನ ಮೂಲವಾದ ಬ್ರಿಟಿಷ್ ಬಿ.ಎಂ.ಸಿ.ಯ ‘ಬಿ’ ಸರಣಿಯದೂ ಇದೇ ಪದ್ಧತಿ. ಸಾಧಾರಣ ಬೀಡು ಅಷ್ಟೊಂದು ಹೊಡೆತವನ್ನು ಹೇಗೆ ತಾಳಿಕೊಂಡಿತು? ಸೀಸದ ಕೃಪೆಯಿಂದ. 1921ರಲ್ಲಿ ಜನರಲ್ ಮೋಟಾರ್ಸಿನ ಥಾಮಸ್ ಮಿಡ್ಜ್‌ಲಿ, ಪೆಟ್ರೋಲಿಗೆ ಟೆಟ್ರಾಈಥೈಲ್ ಲೆಡ್ ಬೆರೆಸಿದರೆ ಎಂಜಿನ್ನಿನ ‘ನಾಕಿಂಗ್’ ನಿಲ್ಲುವುದೆಂದು ಕಂಡುಕೊಂಡನು. 1923ರಲ್ಲಿ ಅದು ಮಾರಾಟಕ್ಕೆ ಬಂದಿತು. ಸೀಸ ಉರಿದು ಉಳಿದ ತೆಳುಲೇಪ ವಾಲ್ವು ಮತ್ತು ಸೀಟುಗಳ ನಡುವೆ ಮೆತ್ತೆಯಂತೆ ಕುಳಿತು ಲೋಹಕ್ಕೆ ಲೋಹ ಅಂಟದಂತೆ ಕಾಯಿತು. ಇದು ಯಾರೂ ಬಯಸದೆ ಬಂದ ಲಾಭ. ಅದೇ ಸೀಸ ಮಕ್ಕಳ ಮೆದುಳಿಗೆ ವಿಷವೆಂಬುದು ಲೋಕಕ್ಕೆ ಮನವರಿಕೆಯಾಗಲು ಅರ್ಧ ಶತಮಾನ ಹಿಡಿಯಿತು. ಭಾರತದಲ್ಲಿ 2000ದ ಫೆಬ್ರವರಿ 1ರಿಂದ ಸೀಸದ ಪೆಟ್ರೋಲು ನಿಂತಿತು. ಕೊನೆಯ ದೇಶವಾದ ಅಲ್ಜೀರಿಯದಲ್ಲಿ ನಿಂತದ್ದು 2021ರಲ್ಲಿ. ನಿಂತದ್ದು ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಹಳೆಯ ಹೆಡ್ಡುಗಳು ಮಾತ್ರ ಕಾವಲುಗಾರನನ್ನು ಕಳೆದುಕೊಂಡವು. ಕಾದ ವಾಲ್ವು ಸೀಟಿಗೆ ಕಣಕಣವಾಗಿ ಅಂಟಿ, ಏಳುವಾಗ ಕಿತ್ತುಕೊಂಡು, ದಿನೇ ದಿನೇ ಹೆಡ್ಡಿನೊಳಗೆ ಹೂತುಹೋಗುತ್ತದೆ. ಮೇಸ್ತ್ರಿ ಬಿಟ್ಟ ಟ್ಯಾಪೆಟ್ ಸಂದು ತಾನಾಗಿಯೇ ಮುಚ್ಚಿಹೋಗುತ್ತಿದ್ದರೆ ಅದೇ ಇದರ ಗುರುತು.

ಹಾಗಾದರೆ ಎಲ್ಲ ಹಳೆಯ ಹೆಡ್ಡುಗಳಿಗೂ ಗಡಸು ಸೀಟು ಬೇಕೇ? ಬೇಡ. ಗಿರಣಿಯ ಲಿಸ್ಟರ್ ಮಾದರಿಯ ಡೀಸೆಲ್ ಎಂಜಿನ್ ನಿಮಿಷಕ್ಕೆ 650 ಸುತ್ತಿನಲ್ಲಿ ಓಡಿದಾಗ ವಾಲ್ವು ತೆರೆಯುವುದು 325 ಬಾರಿ. ಡೀಸೆಲ್ಲಿಗೆ ಸೀಸ ಯಾವ ಕಾಲದಲ್ಲಿಯೂ ಬೆರೆತದ್ದಲ್ಲ. 1923ಕ್ಕೆ ಹಿಂದಿನ ಮಂದಗತಿಯ ಪೆಟ್ರೋಲ್ ಎಂಜಿನ್ನುಗಳೂ ಸೀಸವನ್ನು ಕಂಡವಲ್ಲ. ವರ್ಷಕ್ಕೊಮ್ಮೆ ಮೈಲಾರದ ಜಾತ್ರೆಗೆ ನಿಧಾನವಾಗಿ ಹೋಗಿಬರುವ ಅಂಬಾಸಿಡರಿಗೆ, ಸೀಟು ಆಳಕ್ಕಿಳಿದಿಲ್ಲವಾದರೆ, ಇರುವುದನ್ನೇ ತಿದ್ದಿಕೊಳ್ಳುವುದು ಮೇಲು. ದಿನವೂ ಹೆದ್ದಾರಿಯಲ್ಲಿ ಓಡುವ, ಅಥವಾ ಗ್ಯಾಸಿಗೆ ಬದಲಾಯಿಸಿದ ಕಾರಿನ ಮಾತು ಬೇರೆ. ಅದಕ್ಕೆ ಎಕ್ಸಾಸ್ಟ್ ಬದಿಗಾದರೂ ಗಡಸು ಸೀಟನ್ನು ಕೂರಿಸಲೇಬೇಕು. ಅದರ ಜೊತೆಗೆ ವಾಲ್ವೂ ಬದಲಾಗಬೇಕು: ಗಡಸು ಸೀಟಿನ ಮೇಲೆ ಮೆದು ವಾಲ್ವನ್ನು ಕೂರಿಸಿದರೆ ಸವೆತ ಸೀಟನ್ನು ಬಿಟ್ಟು ವಾಲ್ವನ್ನು ಹಿಡಿಯುತ್ತದೆ. ಕ್ರೋಮಿಯಂ, ಮ್ಯಾಂಗನೀಸ್, ನಿಕಲ್ ಬೆರೆತ ಉಕ್ಕಿನದು, ಸಾಧ್ಯವಾದರೆ ಅಂಚಿಗೆ ಸ್ಟೆಲೈಟ್ ಬೆಸೆದದ್ದು ಉತ್ತಮ. ಕೋಬಾಲ್ಟ್ ಮತ್ತು ಕ್ರೋಮಿಯಮ್ಮಿನ ಈ ಮಿಶ್ರಲೋಹವನ್ನು ರೂಪಿಸಿದ ಎಲ್ವುಡ್ ಹೇನ್ಸ್, ಅದರ ಹೊಳಪಿಗೆ ಮಾರುಹೋಗಿ ನಕ್ಷತ್ರದ ಲ್ಯಾಟಿನ್ ಹೆಸರನ್ನೇ ಅದಕ್ಕಿಟ್ಟನು. ಲೋಹಶಾಸ್ತ್ರಜ್ಞರಲ್ಲಿಯೂ ಕವಿಗಳುಂಟು.

ಸೀಟು ಕೂರಿಸುವುದು ಹೆಡ್ಡನ್ನು ಕೊರೆಯುವ ಕೆಲಸ, ಕೊರೆದದ್ದು ಮರಳಿ ಬಾರದು. ಒಂದೆರಡು ಮಿಲಿಮೀಟರು ಆಳ ತಪ್ಪಿದರೆ ಉಳಿ ನೀರಿನ ದಾರಿಗೆ ಇಳಿದು, ಎಲ್ಲಿಯೂ ಸಿಗದ ಹೆಡ್ಡು ಗುಜರಿಗೆ ಹೋಗುತ್ತದೆ. ಮೊದಲು ಗೈಡು, ಆಮೇಲೆ ಸೀಟು; ಸೀಟು ಕೊರೆಯುವ ಉಳಿ ಗೈಡನ್ನೇ ಆಧರಿಸಿ ತಿರುಗುವುದರಿಂದ ಗೈಡು ಸಡಿಲವಿದ್ದರೆ ಸೀಟು ಎಂದಿಗೂ ದುಂಡಗಾಗದು. ಉಂಗುರ ತನ್ನ ಗುಳಿಗಿಂತ ಸುಮಾರು 0.1 ಮಿಲಿಮೀಟರಿನಷ್ಟು ದೊಡ್ಡದಿರಬೇಕು. ಹೆಡ್ಡನ್ನು ಕಾಯಿಸಿ ಉಂಗುರವನ್ನು ತಣಿಸಿ ಇಳಿಸುತ್ತಾರೆ. ಇದಕ್ಕೆ ಬೇಕಾದದ್ದು ಒಳ್ಳೆಯ ಯಂತ್ರ, ಅದಕ್ಕಿಂತ ಹೆಚ್ಚಾಗಿ ನಿಂತ ಕೈ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬಳಪದ ಕಲ್ಲಿನ ಕಂಬಗಳನ್ನು ತಿರುಗಿಸಿ ಕಡೆದ ನಾಡು ಇದು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿದಾಗ ನಮ್ಮ ಹಡಗಲಿ ಸೀಮೆ ಇನ್ನೂ ಮದರಾಸಿನದು. ಮೈಸೂರಿಗೆ ಸೇರಿದ್ದು 1953ರಲ್ಲಿ. ಆ ಕಾರ್ಖಾನೆ ಈಗಿಲ್ಲ. ಅಲ್ಲಿ ತಯಾರಾದ ಲೇಥುಗಳು ಮಾತ್ರ ಊರೂರಿನ ವರ್ಕ್‌ಷಾಪುಗಳಲ್ಲಿ ಹರಡಿಕೊಂಡವು.

ಕೆಲಸ ಮುಗಿದ ಮೇಲೆ ನೋಡುವ ವಿಧಾನ ತೀರ ಹಳೆಯದು. ಗ್ರೈಂಡಿಂಗ್ ಪೇಸ್ಟಿನಿಂದ ಉಜ್ಜಿ ಒರೆಸಿ, ಸ್ಪ್ರಿಂಗು ಹಾಕಿ, ಪ್ಲಗ್ ಬಿಗಿದು, ಹೆಡ್ಡನ್ನು ಮಗುಚಿ ಗುಳಿಗೆ ಸೀಮೆಎಣ್ಣೆ ತುಂಬಬೇಕು. ಒಂದು ಗಳಿಗೆ ಕಾದು ಒಳದಾರಿಗೆ ಬೆರಳಾಡಿಸಿ ನೋಡಿದಾಗ ಬೆರಳು ಒಣಗಿದ್ದರೆ ಹೆಡ್ಡನ್ನು ಎಂಜಿನ್ನಿನ ಮೇಲೆ ಕೂರಿಸಬಹುದು.