2018–19ರ ಮೈತ್ರಿ ಸರಕಾರ: ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಯಿಂದ ಒಂದು ಅವಲೋಕನ

ಕರ್ನಾಟಕದ ಮೈತ್ರಿ ಸರಕಾರಗಳ ಚರಿತ್ರೆಯನ್ನು ವಿಧಾನಸೌಧದ ಸಂಖ್ಯಾಬಲದ ಲೆಕ್ಕದಿಂದಲೇ ಬರೆಯುವುದು ವಾಡಿಕೆಯಾಗಿದೆ. ಆದರೆ ಅವುಗಳ ಏಳುಬೀಳಿನ ಕಾರಣಗಳು ಅನೇಕ ವೇಳೆ ರಾಜಧಾನಿಗೆ ದೂರವಾದ ಸೀಮೆಗಳಲ್ಲಿರುತ್ತವೆ. ಹಂಪೆಯ ಸಾಮ್ರಾಜ್ಯದ ಹೆಸರನ್ನು ಹೊತ್ತು ಹೊಸಪೇಟೆಯನ್ನು ಕೇಂದ್ರವಾಗುಳ್ಳ ವಿಜಯನಗರ ಕ್ಷೇತ್ರ ಹಾಗೂ ನೆರೆಯ ಸಂಡೂರು, ಕಂಪ್ಲಿ ಕ್ಷೇತ್ರಗಳ ನೆಲೆಯಿಂದ, ಕಾಂಗ್ರೆಸ್ಸು ಮತ್ತು ಜಾತ್ಯತೀತ ಜನತಾದಳಗಳ ಮೈತ್ರಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2018ರ ಮೇ 12ರಂದು ಮತದಾನ ನಡೆದ 222 ಸ್ಥಾನಗಳಲ್ಲಿ ಭಾರತೀಯ ಜನತಾ ಪಕ್ಷಕ್ಕೆ 104, ಕಾಂಗ್ರೆಸ್ಸಿಗೆ 78, ಜನತಾದಳಕ್ಕೆ 37 ದೊರೆತವು. ಬಿ. ಎಸ್. ಯಡಿಯೂರಪ್ಪನವರ ಸರಕಾರವು ಮೂರನೆಯ ದಿನವೇ ಉರುಳಲು, ಮೇ 23ರಂದು ಎಚ್. ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಗಳಾದರು. ಬಳ್ಳಾರಿ ಜಿಲ್ಲೆಯ ಒಂಬತ್ತು ಸ್ಥಾನಗಳಲ್ಲಿ ಆರು ಕಾಂಗ್ರೆಸ್ಸಿನ ಪಾಲಾಗಿದ್ದವು. ನಮ್ಮ ಮೂರು ಕ್ಷೇತ್ರಗಳೂ ಅವುಗಳಲ್ಲಿ ಸೇರಿದ್ದವು. ಜನತಾದಳಕ್ಕೆ ಇಲ್ಲಿ ಒಂದು ಸ್ಥಾನವೂ ಇರಲಿಲ್ಲ. ಆದುದರಿಂದ ಈ ಸೀಮೆಯಲ್ಲಿ ಮೈತ್ರಿಯ ಭಾರವೆಲ್ಲ ಕಾಂಗ್ರೆಸ್ಸಿನ ಹೆಗಲ ಮೇಲೆಯೇ ಬಿದ್ದಿತ್ತು.

ಮೈತ್ರಿಯ ಏಳಿಗೆಯೂ ಇಲ್ಲಿಯೇ ಎದ್ದು ಕಂಡಿತು. 2018ರ ನವೆಂಬರಿನ ಬಳ್ಳಾರಿ ಲೋಕಸಭಾ ಉಪಚುನಾವಣೆಯಲ್ಲಿ ವಿ. ಎಸ್. ಉಗ್ರಪ್ಪನವರು 2,43,161 ಮತಗಳ ಅಂತರದಿಂದ ಜಯಶಾಲಿಗಳಾದರು. ಡಿಸೆಂಬರ್ 22ರಂದು ಸಂಡೂರಿನ ಇ. ತುಕಾರಾಮರು ಮಂತ್ರಿಗಳಾದರು. ಆದರೆ ತಿಂಗಳೊಳಗಾಗಿಯೇ ಬಿರುಕು ಕಾಣಿಸಿತು. ಪಕ್ಷಾಂತರದ ಭೀತಿಯಿಂದ ಕಾಂಗ್ರೆಸ್ಸಿನ ಶಾಸಕರನ್ನು ಬಿಡದಿಯ ವಿಹಾರಗೃಹವೊಂದರಲ್ಲಿ ಇರಿಸಿದ್ದಾಗ, ಹೊಸಪೇಟೆಯ ಆನಂದಸಿಂಗರಿಗೂ ಕಂಪ್ಲಿಯ ಜೆ. ಎನ್. ಗಣೇಶರಿಗೂ ಕಲಹವುಂಟಾಗಿ, ಮೊದಲನೆಯವರು ಆಸ್ಪತ್ರೆ ಸೇರಿದರು. ಎರಡನೆಯವರನ್ನು ಪಕ್ಷವು ಅಮಾನತುಗೊಳಿಸಿತು.

2019ರ ಮೇ 23ರಂದು, ಸರಕಾರಕ್ಕೆ ವರ್ಷ ತುಂಬಿದ ದಿನವೇ, ಲೋಕಸಭಾ ಚುನಾವಣೆಯ ಫಲಿತಾಂಶವು ಹೊರಬಿದ್ದು, ಮಿತ್ರಪಕ್ಷಗಳಿಗೆ ರಾಜ್ಯದ 28 ಸ್ಥಾನಗಳಲ್ಲಿ ತಲಾ ಒಂದೊಂದು ಮಾತ್ರ ದಕ್ಕಿತು. ಬಳ್ಳಾರಿಯೂ ಕೈತಪ್ಪಿತು. ಇದಾದ ನಾಲ್ಕನೆಯ ದಿನ ಸಂಪುಟವು ಸಂಡೂರು ತಾಲ್ಲೂಕಿನ ತೋರಣಗಲ್ಲು ಪರಿಸರದ ಸುಮಾರು 3,667 ಎಕರೆ ಭೂಮಿಯನ್ನು ಜಿಂದಾಲ್ ಉಕ್ಕಿನ ಸಂಸ್ಥೆಗೆ ಕ್ರಯಕ್ಕೆ ಕೊಡಲು ನಿರ್ಧರಿಸಿತು. ಎಚ್. ಕೆ. ಪಾಟೀಲರೇ ಮೊದಲಾದ ಸ್ವಪಕ್ಷೀಯರು ಇದನ್ನು ವಿರೋಧಿಸಿದರು. ಜುಲೈ 1ರಂದು ಆನಂದಸಿಂಗರು ಇದನ್ನು ಕಾರಣವಾಗಿ ಹೇಳಿ ಶಾಸಕಸ್ಥಾನಕ್ಕೆ ರಾಜೀನಾಮೆಯಿತ್ತರು. ಅವರ ಅಂತರಂಗದ ಉದ್ದೇಶವನ್ನು ಅಳೆಯುವುದು ಇತಿಹಾಸಕಾರರ ಕೆಲಸವಲ್ಲ. ಆದರೆ ಆ ತಿಂಗಳ ರಾಜೀನಾಮೆಗಳ ಸಾಲು ಹೊಸಪೇಟೆಯಿಂದ ಮೊದಲಾಯಿತೆಂಬುದು ಗಮನಾರ್ಹವಾದುದು. ಜುಲೈ 23ರಂದು ವಿಶ್ವಾಸಮತದ ಸೂಚನೆಯು 99ಕ್ಕೆ 105 ಮತಗಳಿಂದ ಬಿದ್ದುಹೋಯಿತು.

ಇಲ್ಲೊಂದು ಭೇದವನ್ನು ಗುರುತಿಸಬೇಕು. 2004ರ ಮತ್ತು 2006ರ ಮೈತ್ರಿಗಳು ಒಡೆದುದು ಪಾಲುದಾರ ಪಕ್ಷಗಳ ನಡುವಣ ವೈಮನಸ್ಯದಿಂದ. 2019ರಲ್ಲಾದರೋ ಅನರ್ಹಗೊಂಡ 17 ಶಾಸಕರಲ್ಲಿ ಜನತಾದಳದವರು ಮೂವರು ಮಾತ್ರ. ಮೈತ್ರಿಯ ಒಪ್ಪಂದವು ಎರಡು ಪಕ್ಷಗಳನ್ನು ಕೂಡಿಸಿತಾದರೂ, ದೊಡ್ಡ ಪಕ್ಷದ ಒಳಗಣ ಊರೂರಿನ ಹಿತಾಸಕ್ತಿಗಳನ್ನು ಕೂಡಿಸಲಿಲ್ಲ.

ಅದೇ ನವೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯವು ಅನರ್ಹತೆಯನ್ನು ಎತ್ತಿಹಿಡಿದರೂ ಮರಳಿ ಸ್ಪರ್ಧಿಸಲು ಅವಕಾಶವಿತ್ತಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಹಳೆಯ ಮಿತ್ರರು ಬೇರೆಬೇರೆಯಾಗಿ ಕಣಕ್ಕಿಳಿದರು; ಆನಂದಸಿಂಗರು ಭಾರತೀಯ ಜನತಾ ಪಕ್ಷದಿಂದ ಗೆದ್ದು 2020ರಲ್ಲಿ ಮಂತ್ರಿಗಳಾದರು. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿರಿಸಿಕೊಂಡು ವಿಜಯನಗರ ಜಿಲ್ಲೆ ರಚಿತವಾಗಿ ಹಂಪೆಯು ಅದರಲ್ಲಿ ಸೇರಿತು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದವು. ಹೀಗೆ ಮೈತ್ರಿಯ ಪತನದೊಡನೆ ಆರಂಭವಾದ ಅಧಿಕಾರಾಂತರವು ಸೀಮೆಯ ಭೂಪಟವನ್ನೂ ಮಾರ್ಪಡಿಸಿತು.

2023ರಲ್ಲಿ ಈ ಮೂರು ಕ್ಷೇತ್ರಗಳೂ ಪುನಃ ಕಾಂಗ್ರೆಸ್ಸಿಗೆ ಒಲಿದವು. ಜನತಾದಳವು ಅದೇ ವರ್ಷ ಭಾರತೀಯ ಜನತಾ ಪಕ್ಷದೊಡನೆ ಕೈಜೋಡಿಸಿತು. ಒಂದೇ ಮತದಾರ ಸಮೂಹವು ಹದಿಮೂರು ತಿಂಗಳೊಳಗೆ ಮೈತ್ರಿಯನ್ನು ಭಾರಿ ಅಂತರದಿಂದ ಗೆಲ್ಲಿಸಿ, ತಿರಸ್ಕರಿಸಿ, ಬಿಟ್ಟುಹೋದವರನ್ನು ಪುನಃ ಆರಿಸಿದುದನ್ನು ಕೇವಲ ಚಂಚಲತೆಯೆನ್ನುವುದು ಸರಿಯಲ್ಲ. ಭೂಮಿ, ಗಣಿ, ಜಿಲ್ಲಾಕೇಂದ್ರಗಳ ಪ್ರಶ್ನೆಗಳಿಗೆ ಮೈತ್ರಿಯು ತನ್ನದೇ ಆದ ಉತ್ತರವನ್ನು ಈ ಜನರ ಮುಂದಿಡಲಿಲ್ಲವೆಂದೇ ನಾವು ನಿರ್ಣಯಿಸಬೇಕಾಗುತ್ತದೆ.