ಸರ್ವೆಗೆ ಸಿಗದೆ ಹೋದ ಮೊಬೈಲ್ ಹುಡುಗರು

ನೀವು ಇದನ್ನ ಮೊಬೈಲಲ್ಲೇ ಕೇಳ್ತಿದ್ದೀರಿ ಅಲ್ವಾ? ಮನೇಲಿ ಲ್ಯಾಂಡ್‌ಲೈನ್ ಇದೆಯಾ? ನಮ್ಮನೇಲಂತೂ ಇಲ್ಲ. ಇದೊಂದೇ ಕಾರಣಕ್ಕೆ ಅಮೆರಿಕದ ಒಂದು ದೊಡ್ಡ ಆರೋಗ್ಯ ಸಮೀಕ್ಷೆಗೆ ಲಕ್ಷಾಂತರ ಯುವಜನರು ವರ್ಷಗಟ್ಟಲೆ ಸಿಗಲೇ ಇಲ್ಲ. ಇವತ್ತು ಆ ಕಥೆ.

1984ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, 15 ರಾಜ್ಯಗಳ ಜೊತೆ ಸೇರಿ ಒಂದು ಫೋನ್ ಸಮೀಕ್ಷೆ ಶುರು ಮಾಡಿತು. ಹೆಸರು ಬಿಆರ್‌ಎಫ್‌ಎಸ್‌ಎಸ್. ಸಿಗರೇಟ್ ಸೇದ್ತೀರಾ, ಕುಡೀತೀರಾ, ಇನ್ಶೂರೆನ್ಸ್ ಇದೆಯಾ, ಇಂಥ ಪ್ರಶ್ನೆಗಳು. ಮನೆಮನೆ ಸುತ್ತೋದಕ್ಕಿಂತ ಅಗ್ಗ. ನಿಧಾನಕ್ಕೆ ಎಲ್ಲ ರಾಜ್ಯಗಳೂ ಸೇರಿಕೊಂಡವು.

ಆಮೇಲೆ ಮೊಬೈಲ್ ಬಂತು. ಫೋನಲ್ಲಿ ಸಿಗದವರು ಎಷ್ಟು ಜನ ಅಂತ ಫೋನ್ ಮಾಡಿ ತಿಳ್ಕೊಳ್ಳೋಕೆ ಆಗಲ್ಲ, ನೋಡಿ! ಅದು ಗೊತ್ತಾಗಿದ್ದು ಮನೆ ಬಾಗಿಲಿಗೆ ಹೋಗೋ ಇನ್ನೊಂದು ಸರ್ಕಾರಿ ಸಮೀಕ್ಷೆಯಿಂದ. 2003ರ ಆರಂಭದಲ್ಲಿ ಮೊಬೈಲ್ ಮಾತ್ರ ಇದ್ದ ಮನೆಗಳು ಶೇ. 3ರ ಆಸುಪಾಸು. 2010ರ ಕೊನೆಗೆ ಹತ್ತಿರ ಹತ್ತಿರ ಶೇ. 30. 25ರಿಂದ 29 ವಯಸ್ಸಿನವರಲ್ಲಂತೂ ಅರ್ಧಕ್ಕಿಂತ ಹೆಚ್ಚು.

ವಯಸ್ಸಿನ ಲೆಕ್ಕ ಸರಿಮಾಡೋಕೆ, ಸಿಕ್ಕ ನಾಲ್ಕು ಹುಡುಗರ ಉತ್ತರಕ್ಕೆ ಹೆಚ್ಚು ತೂಕ ಕೊಟ್ಟರೆ ಸಾಕಲ್ವಾ? ಸಾಲಲ್ಲ. ಲ್ಯಾಂಡ್‌ಲೈನ್ ಎತ್ತಿದವನು ಅಪ್ಪ-ಅಮ್ಮನ ಜೊತೆ ಇರೋನು ಇರಬಹುದು. ಸಿಗದವನು ಗೆಳೆಯರ ಜೊತೆ ಬಾಡಿಗೆ ರೂಮಲ್ಲಿ. ಮೊಬೈಲ್ ಮಾತ್ರ ಇದ್ದವರಲ್ಲಿ ಸಿಗರೇಟ್ ಸೇದೋರು, ಒಂದೇ ಸಲಕ್ಕೆ ಮಿತಿಮೀರಿ ಕುಡಿಯೋರು, ಇನ್ಶೂರೆನ್ಸ್ ಇಲ್ಲದವರು ಹೆಚ್ಚು ಅಂತ ಅದೇ ಮನೆಮನೆ ಸಮೀಕ್ಷೆ ಹೇಳಿತ್ತು. ಅಂದ್ರೆ ಯಾರ ಬಗ್ಗೆ ತಿಳಿಯಬೇಕಿತ್ತೋ ಅವರೇ ಲೆಕ್ಕದಲ್ಲಿ ಕಮ್ಮಿ.

ಹಾಗಾದ್ರೆ ಮೊಬೈಲ್‌ಗೇ ಫೋನ್ ಮಾಡಬಹುದಿತ್ತಲ್ಲ? ಅಷ್ಟು ಸುಲಭ ಇರಲಿಲ್ಲ. 1991ರ ಕಾನೂನಿನ ಪ್ರಕಾರ, ಒಪ್ಪಿಗೆ ಇಲ್ಲದೆ ಯಂತ್ರದಿಂದ ಮೊಬೈಲ್‌ಗೆ ಡಯಲ್ ಮಾಡೋ ಹಾಗಿರಲಿಲ್ಲ. ಒಂದೊಂದು ನಂಬರನ್ನೂ ಕೈಯಲ್ಲೇ ಒತ್ತಬೇಕಿತ್ತು. ಖರ್ಚು ಏರ್ತಿತ್ತು. ಫೋನ್ ಎತ್ತಿದವರ ನಿಮಿಷಗಳೂ ಕಟ್ಟಾಗ್ತಿದ್ದವು (ನಮ್ಮಲ್ಲೂ 2003ರ ತನಕ ಇನ್‌ಕಮಿಂಗ್‌ಗೆ ದುಡ್ಡು ಕೊಡ್ತಿದ್ರು, ಮನೇಲಿ ದೊಡ್ಡವರನ್ನ ಕೇಳಿ). ನಂಬರ್ ಟೆಕ್ಸಾಸ್‌ದು, ಮನುಷ್ಯ ಇರೋದು ಓಹಿಯೋದಲ್ಲಿ! ರಾಜ್ಯವಾರು ಲೆಕ್ಕ ಹಾಕೋರಿಗೆ ಇದು ದೊಡ್ಡ ತಲೆನೋವು.

ಕೊನೆಗೆ 2011ರ ಅಂಕಿಅಂಶದಲ್ಲಿ ಮೊಬೈಲ್ ಉತ್ತರಗಳನ್ನೂ ಸೇರಿಸಿದರು, ತೂಕ ಕೊಡುವ ವಿಧಾನವನ್ನೂ ಬದಲಿಸಿದರು. ರಾಜ್ಯಗಳ ಪಟ್ಟಿಯಲ್ಲಿ ಸಿಗರೇಟ್ ಸೇದುವವರ ಮಧ್ಯಾಂಕ 2010ರಲ್ಲಿ ಸುಮಾರು ಶೇ. 17 ಇದ್ದದ್ದು, 2011ರಲ್ಲಿ ಸುಮಾರು ಶೇ. 21! ಒಂದೇ ವರ್ಷದಲ್ಲಿ ಜನ ಸಿಗರೇಟಿಗೆ ಮುಗಿಬಿದ್ದರು ಅಂತಲ್ಲ. ಎಣಿಸೋ ರೀತಿ ಬದಲಾಗಿತ್ತು. ಹಳೇ ವರ್ಷಗಳ ಜೊತೆ ಇದನ್ನ ಹೋಲಿಸಬೇಡಿ ಅಂತ ಸಿಡಿಸಿಯೇ ಹೇಳಿತು. 1984ರಿಂದ ಎಳೆದುಕೊಂಡು ಬಂದ ಗ್ರಾಫನ್ನ ಅವರೇ ತುಂಡರಿಸಿದರು. ಹಳೇ ಗ್ರಾಫ್ ನೋಡೋಕೆ ಚೆನ್ನಾಗಿತ್ತು. ನನಗೆ ಕೇಳಿದ್ರೆ, ತುಂಡರಿಸಿದ್ದೇ ಸರಿ.

ಅಂದಹಾಗೆ, ಮೊಬೈಲ್‌ಗೆ ಫೋನ್ ಮಾಡಿದಾಗ ಸಮೀಕ್ಷೆಯವರು ಶುರುವಲ್ಲೇ ಲ್ಯಾಂಡ್‌ಲೈನ್ ಕಾಲದಲ್ಲಿ ಬೇಕಾಗದಿದ್ದ ಒಂದು ಪ್ರಶ್ನೆ ಕೇಳ್ತಾರೆ: ಈಗ ಮಾತಾಡೋದು ಸುರಕ್ಷಿತವಾ? ಯಾಕಂದ್ರೆ ಆ ಕಡೆಯವರು ಗಾಡಿ ಓಡಿಸ್ತಾ ಇರಬಹುದು.