ಬಿಳಿಗಿರಿರಂಗನ ಬೆಟ್ಟ: ದೇವರು ಬಾವನಾದ ಊರು

ಯಳಂದೂರು ದಾಟಿ ಬಸ್ಸು ಬೆಟ್ಟ ಹತ್ತಲು ಶುರು ಮಾಡಿದರೆ ಸಾಕು, ಕಿಟಕಿಯಿಂದ ತಣ್ಣನೆ ಗಾಳಿ ಬೀಸುತ್ತದೆ. ನಾವು ಎಷ್ಟು ಸಲ ಹೋಗಿದ್ದರೂ ಆ ತಿರುವುಗಳಲ್ಲಿ ಮಾತು ನಿಲ್ಲುತ್ತದೆ. ಪಡುವಣ ದಿಕ್ಕಿಗೆ ಕಡಿದಾಗಿ ನಿಂತ ಬಿಳಿ ಬಂಡೆಯಿಂದಲೇ ಇದಕ್ಕೆ ಬಿಳಿಗಿರಿ ಎಂಬ ಹೆಸರು. ಸಂಸ್ಕೃತದಲ್ಲಿ ಶ್ವೇತಾದ್ರಿ.

ಹೊರಗಿನವರಿಗೆ ಇವನು ರಂಗನಾಥಸ್ವಾಮಿ. ಕಾಡಿನ ಸೋಲಿಗರಿಗೆ ಮಾತ್ರ ಬಾವ. ಸೋಲಿಗರ ಹುಡುಗಿ ಕುಸುಮಾಲೆಯನ್ನು ಒಲಿಸಿ ಮದುವೆಯಾದ ಎಂಬುದು ಅವರ ಕತೆ. ದೇವರಿಗೆ ದೊಡ್ಡ ಚರ್ಮದ ಪಾದುಕೆ ಮಾಡಿ ಒಪ್ಪಿಸುವ ಹಳೆಯ ಪದ್ಧತಿಯೂ ಇಲ್ಲಿದೆ. ರಾತ್ರಿ ಅದನ್ನು ಮೆಟ್ಟಿ ರಂಗ ಕಾಡು ಸುತ್ತುತ್ತಾನೆ ಎಂದು ಜನ ನಂಬುತ್ತಾರೆ.

ಗುಡಿ ನೋಡಿ ವಾಪಸಾಗುವವರಿಗೆ ಇನ್ನೊಂದು ಗುಡಿ ಕಾಣುವುದೇ ಇಲ್ಲ. ಭಾರ್ಗವಿ ಹೊಳೆ ದಡದ ದೊಡ್ಡ ಸಂಪಿಗೆ ಮರವೇ ಸೋಲಿಗರ ಪಾಲಿಗೆ ದೇವರು. ಇಂಥ ಪವಿತ್ರ ತಾಣಗಳು ಈ ಕಾಡಿನಲ್ಲಿ 400ಕ್ಕೂ ಹೆಚ್ಚು ಇವೆ. ಕಲ್ಲು, ಮರ, ನೀರಿನ ಸೆಲೆ, ಒಂದೊಂದಕ್ಕೂ ಒಂದೊಂದು ಕುಲದವರು ನಡೆದುಕೊಳ್ಳುತ್ತಾರೆ.

1974ರಲ್ಲಿ ಇದು ಅಭಯಾರಣ್ಯವಾಯಿತು. ಬೇಸಾಯಕ್ಕೆ ಜಾಗ ಬದಲಿಸುತ್ತಾ ಬದುಕಿದ್ದವರು ಪೋಡುಗಳಲ್ಲಿ ನೆಲೆ ನಿಲ್ಲಬೇಕಾಯಿತು. ತರಗಿಗೆ ಸಣ್ಣ ಬೆಂಕಿ ಕೊಡುವ ಅವರ ರೂಢಿಯೂ ನಿಂತಿತು. ಅದು ನಿಂತ ಮೇಲೇ ಲಂಟಾನ ಹಬ್ಬಿತು ಎಂದು ಹಿರಿಯ ಸೋಲಿಗರು ಹೇಳುತ್ತಾರೆ. 2006ರ ಹೊತ್ತಿಗೆ ಜೇನು, ನೆಲ್ಲಿಕಾಯಿ ಆಯ್ದು ಮಾರುವುದಕ್ಕೂ ತಡೆ ಬಿತ್ತು. 2011ರ ಜನವರಿಯಲ್ಲಿ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಎಲ್ಲಿ ಎಬ್ಬಿಸುತ್ತಾರೋ ಎಂಬ ಅಂಜಿಕೆ ಪೋಡು ಪೋಡಿನಲ್ಲೂ ಇತ್ತು. ಆದರೆ ಅವರು ಅರಣ್ಯ ಹಕ್ಕು ಕಾಯ್ದೆ ಹಿಡಿದು ಗ್ರಾಮಸಭೆ ನಡೆಸಿದರು, ಅರ್ಜಿ ಹಾಕಿದರು. ಅದೇ ವರ್ಷ ಸಮುದಾಯ ಹಕ್ಕುಪತ್ರ ಕೈಗೆ ಬಂತು. ಹುಲಿ ಕಾಡಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು.

ಬೆಟ್ಟದ ಸೊಬಗು ತಾನಾಗಿ ಉಳಿದದ್ದಲ್ಲ ಎಂದು ನಮಗೆ ಅನ್ನಿಸುವುದು ಇದಕ್ಕೇ. ಮರವನ್ನೇ ದೇವರೆಂದು ನಂಬಿದವರು ಅಲ್ಲೇ ಬಾಳಿದ್ದರಿಂದ ಅದು ಉಳಿದಿದೆ.

ವೈಶಾಖದ ತೇರಿಗೆ ನೀವೂ ಹೋಗಿ ಬನ್ನಿ. ಪ್ಲಾಸ್ಟಿಕ್ ಬಿಸಾಡಬೇಡಿ, ದಾರಿಯ ಕೋತಿಗೆ ತಿಂಡಿ ಎಸೆಯಬೇಡಿ. ಸೋಲಿಗರು ಮಾರುವ ಜೇನು ಸಿಕ್ಕರೆ ಚೌಕಾಸಿ ಮಾಡದೆ ಕೊಳ್ಳಿ. ನೀವು ಕೈಮುಗಿದು ಬಂದದ್ದು ಅವರ ಬಾವನಿಗೆ. ಹಾಗಾಗಿ ನಾವೆಲ್ಲ ಅಲ್ಲಿ ನೆಂಟರೇ.